ಕವಡೆಗೆ ನೆನಪಿಲ್ಲ ಮಕ್ಕಳೇ!

ನಾಗರ ಪಂಚಮಿ ಬಂತೆಂದರೆ ನಮ್ಮ ಸುರಪುರದ ಕಡೆ ಮನೆಮನೆಯಲ್ಲೂ ಜೋಕಾಲಿ ಕಟ್ಟುತ್ತಾರೆ. ಜೋಕಾಲಿ ಸರದಿ ಸಿಗದವರು ಪಡಸಾಲೆಯಲ್ಲಿ ಕುಳಿತು ಸುಣ್ಣದ ಕಡ್ಡಿಯಿಂದ ಚೌಕಾಬಾರದ ಮನೆ ಬರೆಯುತ್ತಾರೆ. ಒಂದು ಕೈಯಲ್ಲಿ ಶೇಂಗಾ ಉಂಡಿ, ಇನ್ನೊಂದು ಕೈಯಲ್ಲಿ ಕವಡೆ. ಆಟ ಬಿಸಿಯಾಯಿತೆಂದರೆ ಮಾತೂ ಬಿಸಿಯಾಗುತ್ತದೆ.

"ಅಜ್ಜೀ, ನಿನ್ನ ಕೈಗುಣ ಚಲೋ ಅದ, ನೀ ಒಗಿ!"

"ಆಗಿಂದ ನಾಲ್ಕು ಬಿದ್ದಿಲ್ಲ, ಈಗ ಬಿದ್ದೇ ಬೀಳ್ತದ ನೋಡು!"

ಈ ಎರಡು ಮಾತುಗಳನ್ನು ಕೇಳದ ಚೌಕಾಬಾರ ಇದೆಯೇ? ಕೈಗುಣ ನಿಜವೇ? ಬಹಳ ಹೊತ್ತಿನಿಂದ ಬೀಳದ ನಾಲ್ಕು, ಇನ್ನೇನು ಬೀಳಲೇಬೇಕೇ? ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ 'ಸಂಭವನೀಯತೆ' ಎಂಬ ಪಾಠವಿದೆಯಲ್ಲ, ಅದು ಉತ್ತರ ಕೊಡುವುದು ಇಂಥ ಪ್ರಶ್ನೆಗಳಿಗೇ. ಹೆಸರು ಕೇಳಿ ಹೆದರಬೇಡಿ. ಆಸೆ ಪಡುವ ಮೊದಲು ಎಣಿಸಿ ನೋಡು ಎಂಬುದೇ ಆ ಪಾಠದ ತಿರುಳು. ಅಜ್ಜ ಅಜ್ಜಿಯರೂ ಪಕ್ಕದಲ್ಲಿ ಕುಳಿತುಕೊಳ್ಳಿ. ನಿಮಗೆ ಕವಡೆ ಗೊತ್ತು, ಮಕ್ಕಳಿಗೆ ಭಿನ್ನರಾಶಿ ಗೊತ್ತು. ಇಬ್ಬರೂ ಸೇರಿದರೆ ಪಾಠ ಮುಗಿದಂತೆಯೇ.

ಹದಿನಾರು ದಾರಿಗಳು

ಕವಡೆಯ ಬದಲು ಮೊದಲು ನಾಲ್ಕು ಹುಣಸೆ ಬೀಜ ತೆಗೆದುಕೊಳ್ಳಿ. ಪ್ರತಿ ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿ. ಈಗ ಒಂದು ಮಗ್ಗುಲು ಬಿಳಿ, ಇನ್ನೊಂದು ಕಪ್ಪು. ಕವಡೆ ಸಿಗದ ಮನೆಗಳಲ್ಲಿ ಹೀಗೆ ಆಡುವ ರೂಢಿ ಹಿಂದಿನಿಂದಲೂ ಇದೆ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆ. ನಾಲ್ಕೂ ಬಿಳಿಯಾದರೆ ನಾಲ್ಕು. ನಾಲ್ಕೂ ಕಪ್ಪಾದರೆ ಎಂಟು. ನಾಲ್ಕು ಅಥವಾ ಎಂಟು ಬಿದ್ದವರಿಗೆ ಇನ್ನೊಂದು ಸರದಿ.

ಒಂದು ಬೀಜ ಬೀಳುವುದು ಎರಡು ರೀತಿ. ಎರಡು ಬೀಜಗಳಾದರೆ ಎರಡೆರಡ್ಲೆ ನಾಲ್ಕು ರೀತಿ. ಮೂರಾದರೆ ಎಂಟು, ನಾಲ್ಕಾದರೆ ಹದಿನಾರು. ಎರಡು ಮಗ್ಗುಲೂ ಸಮಸಮವಾಗಿ ಬೀಳುತ್ತವೆ ಎಂದು ಸದ್ಯಕ್ಕೆ ಒಪ್ಪಿಕೊಂಡರೆ, ಈ ಹದಿನಾರು ದಾರಿಗಳಲ್ಲಿ ಯಾವುದೂ ದೊಡ್ಡದಲ್ಲ, ಯಾವುದೂ ಚಿಕ್ಕದಲ್ಲ.

ಆದರೆ ಆಟದಲ್ಲಿ ನಮಗೆ ಬೇಕಾದದ್ದು ಎಷ್ಟು ಬಿಳಿ ಎಂಬುದು ಮಾತ್ರ. ಬಿಳಿಗೆ 'ಬಿ', ಕಪ್ಪಿಗೆ 'ಕ' ಎಂದು ಬರೆಯೋಣ. ಎರಡು ಬಿಳಿ ಬೀಳುವ ದಾರಿಗಳನ್ನು ಎಣಿಸಿ: ಬಿ–ಬಿ–ಕ–ಕ, ಬಿ–ಕ–ಬಿ–ಕ, ಬಿ–ಕ–ಕ–ಬಿ, ಕ–ಬಿ–ಬಿ–ಕ, ಕ–ಬಿ–ಕ–ಬಿ, ಕ–ಕ–ಬಿ–ಬಿ. ಒಟ್ಟು ಆರು. ಇದೇ ರೀತಿ ಉಳಿದವನ್ನೂ ಎಣಿಸಿದರೆ ಪಟ್ಟಿ ಹೀಗಾಗುತ್ತದೆ:

ಒಂದು ಬೀಳುವ ದಾರಿಗಳು 4
ಎರಡು ಬೀಳುವ ದಾರಿಗಳು 6
ಮೂರು ಬೀಳುವ ದಾರಿಗಳು 4
ನಾಲ್ಕು ಬೀಳುವ ದಾರಿ 1
ಎಂಟು ಬೀಳುವ ದಾರಿ 1
ಒಟ್ಟು 16

ಬೇಕಾದ ದಾರಿಗಳನ್ನು ಒಟ್ಟು ದಾರಿಗಳಿಂದ ಭಾಗಿಸಿದರೆ ಸಿಗುವುದೇ ಸಂಭವನೀಯತೆ. ಎರಡು ಬೀಳುವ ಸಂಭವನೀಯತೆ 6/16, ಅಂದರೆ 3/8. ನಾಲ್ಕು ಬೀಳುವುದು 1/16. ನಾಲ್ಕು ಅಥವಾ ಎಂಟು ಬೀಳುವುದು 2/16, ಅಂದರೆ 1/8. ಐದು ಬೀಳುವುದು? ಅಂಥ ದಾರಿಯೇ ಇಲ್ಲ, ಆದ್ದರಿಂದ ಸೊನ್ನೆ. ಒಂದರಿಂದ ಎಂಟರೊಳಗೆ ಏನಾದರೂ ಒಂದು ಬೀಳುವುದು? ಅದು ಖಚಿತ, ಆದ್ದರಿಂದ 1. ಯಾವ ಸಂಭವನೀಯತೆಯೂ ಸೊನ್ನೆಗಿಂತ ಕಡಿಮೆ ಇಲ್ಲ, ಒಂದಕ್ಕಿಂತ ಹೆಚ್ಚಿಲ್ಲ. ನಿಮ್ಮ ಉತ್ತರ 5/4 ಬಂದರೆ ಲೆಕ್ಕವನ್ನು ಮತ್ತೊಮ್ಮೆ ನೋಡಿ.

ಕಾಯಿ ಎಲ್ಲಿ ನಿಲ್ಲಿಸಬೇಕು?

ಈ ಪಟ್ಟಿ ಗೊತ್ತಿದ್ದವರು ಆಟವನ್ನೂ ಚೆನ್ನಾಗಿ ಆಡುತ್ತಾರೆ. ಎದುರಾಳಿಯ ಕಾಯಿ ನಿಮ್ಮ ಕಾಯಿಯ ಹಿಂದೆ ಎರಡು ಮನೆ ದೂರದಲ್ಲಿದೆ ಎನ್ನಿ. ಅವನ ಮುಂದಿನ ಎಸೆತದಲ್ಲಿ ನಿಮ್ಮ ಕಾಯಿಗೆ ಹೊಡೆತ ಬೀಳುವ ಸಂಭವ 6/16. ಮೂರು ಮನೆ ದೂರದಲ್ಲಿದ್ದರೆ 4/16. ಐದು ಮನೆ ದೂರದಲ್ಲಿದ್ದರೆ? ಒಂದೇ ಎಸೆತಕ್ಕೆ ಐದು ಬೀಳುವುದಿಲ್ಲ. ಮೊದಲು ನಾಲ್ಕು ಬಿದ್ದು, ಸಿಕ್ಕ ಸರದಿಯಲ್ಲಿ ಒಂದು ಬೀಳಬೇಕು. ಹದಿನಾರರಲ್ಲಿ ಒಂದು ಪಾಲು, ಅದರೊಳಗೆ ಮತ್ತೆ ನಾಲ್ಕರಲ್ಲಿ ಒಂದು ಪಾಲು. ಗುಣಿಸಿದರೆ 1/64. ಅಂದರೆ ಎರಡು ಮನೆ ಮುಂದೆ ನಿಲ್ಲುವುದು ಬಿಸಿಲಲ್ಲಿ ನಿಂತಂತೆ, ಐದು ಮನೆ ಮುಂದೆ ನಿಲ್ಲುವುದು ಬೇವಿನ ನೆರಳಲ್ಲಿ ನಿಂತಂತೆ.

ಯಾವಾಗಲೂ ಗೆಲ್ಲುವ ಅಜ್ಜಿಯರನ್ನು ಗಮನಿಸಿ. ಅವರು ಕವಡೆಯನ್ನು ಹೇಗೆ ಎಸೆಯುತ್ತಾರೆ ಎಂದು ನೋಡಬೇಡಿ, ಕಾಯಿಯನ್ನು ಎಲ್ಲಿ ನಿಲ್ಲಿಸುತ್ತಾರೆ ಎಂದು ನೋಡಿ. ಪುಸ್ತಕ ಓದದಿದ್ದರೂ ಅರವತ್ತು ವರ್ಷ ಆಡಿ ಆಡಿ ಈ ಪಟ್ಟಿ ಅವರ ಬೆರಳ ತುದಿಗೆ ಬಂದಿರುತ್ತದೆ. ನಾವು ಕೈಗುಣ ಎನ್ನುವುದರಲ್ಲಿ ಹೆಚ್ಚಿನದು ಈ ಎಣಿಕೆಯ ಗುಣ.

ಮಳಖೇಡದ ಕಾಲದ ಲೆಕ್ಕ

ನಾಲ್ಕು ಬೀಜವಾದರೆ ಬರೆದು ಎಣಿಸಬಹುದು. ಹತ್ತಾದರೆ? ಅದಕ್ಕೊಂದು ಸೂತ್ರ ಬೇಕು. ಆ ಸೂತ್ರಕ್ಕಾಗಿ ನಾವು ಬಹಳ ದೂರ ಹೋಗಬೇಕಾಗಿಲ್ಲ.

ಪಕ್ಕದ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡವಿದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿ ಆಳಿದವನು ಅಮೋಘವರ್ಷ ನೃಪತುಂಗ. ಅವನ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ಮಹಾವೀರಾಚಾರ್ಯ ಎಂಬ ಜೈನ ಗಣಿತಜ್ಞರು 'ಗಣಿತಸಾರಸಂಗ್ರಹ' ಎಂಬ ಸಂಸ್ಕೃತ ಗ್ರಂಥ ಬರೆದರು. ಗ್ರಂಥದ ಆರಂಭದಲ್ಲೇ ಆ ದೊರೆಯನ್ನು ಹೊಗಳಿದ್ದಾರೆ. 1912ರಲ್ಲಿ ಮದರಾಸಿನ ಎಂ. ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದಾಗ ಹೊರಗಿನ ಜಗತ್ತಿಗೂ ಅದರ ಪರಿಚಯವಾಯಿತು.

ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಆ ಗ್ರಂಥದಲ್ಲಿ ಸೂತ್ರವಿದೆ. ಇಂದಿನ ಪುಸ್ತಕಗಳು ಇದನ್ನೇ 'ವಿಕಲ್ಪ' ಎನ್ನುತ್ತವೆ. ನಾಲ್ಕರಲ್ಲಿ ಎರಡನ್ನು ಆರಿಸಲು, ಮೇಲೆ ನಾಲ್ಕರಿಂದ ಇಳಿಯುತ್ತ ಎರಡು ಅಂಕಿ ಬರೆಯಿರಿ: 4 × 3. ಕೆಳಗೆ ಒಂದರಿಂದ ಏರುತ್ತ ಎರಡು ಅಂಕಿ ಬರೆಯಿರಿ: 1 × 2. ಹನ್ನೆರಡನ್ನು ಎರಡರಿಂದ ಭಾಗಿಸಿದರೆ ಆರು. ನಮ್ಮ ಹುಣಸೆ ಬೀಜಗಳೂ ಇದನ್ನೇ ಹೇಳಿದ್ದವಲ್ಲವೇ?

ಮಹಾವೀರಾಚಾರ್ಯರು ಕೊಟ್ಟ ಉದಾಹರಣೆ ಅಡುಗೆ ಮನೆಯದು. ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳಿವೆ. ಇವನ್ನು ಬೆರೆಸಿ ಎಷ್ಟು ಬಗೆಯ ರುಚಿ ಮಾಡಬಹುದು? ಒಂದೊಂದೇ ಆದರೆ 6, ಎರಡೆರಡು ಬೆರೆಸಿದರೆ 15, ಮೂರು ಬೆರೆಸಿದರೆ 20, ನಾಲ್ಕಾದರೆ 15, ಐದಾದರೆ 6, ಆರೂ ಸೇರಿದರೆ 1. ಒಟ್ಟು 63. ಯುಗಾದಿಯ ಬೇವು ಬೆಲ್ಲ ಆ ಹದಿನೈದರಲ್ಲಿ ಒಂದು. ವಜ್ರ, ಮುತ್ತು, ಹವಳಗಳನ್ನು ಆರಿಸಿ ಸರ ಪೋಣಿಸುವ ಲೆಕ್ಕವೂ ಅಲ್ಲಿದೆ.

ಇನ್ನೊಂದು ಸಂಗತಿ. 1, 4, 6, 4, 1 ಎಂಬ ಈ ಸಾಲು ಪಾಸ್ಕಲ್ ತ್ರಿಕೋನದಲ್ಲಿ ಬರುತ್ತದೆ ಎಂದು ಶಾಲೆಯಲ್ಲಿ ಕಲಿಯುತ್ತೀರಿ. ಹತ್ತನೆಯ ಶತಮಾನದ ಹಲಾಯುಧ ಪಿಂಗಳನ ಛಂದಶ್ಶಾಸ್ತ್ರಕ್ಕೆ ಟೀಕೆ ಬರೆಯುವಾಗ ಇದೇ ತ್ರಿಕೋನವನ್ನು 'ಮೇರು ಪ್ರಸ್ತಾರ' ಎಂಬ ಹೆಸರಿನಲ್ಲಿ ವಿವರಿಸಿದ್ದಾನೆ. ಪದ್ಯದ ಸಾಲಿನಲ್ಲಿ ಲಘು ಗುರುಗಳು ಎಷ್ಟು ಬಗೆಯಲ್ಲಿ ಬರಬಹುದು ಎಂದು ಎಣಿಸಲು ಅವನಿಗೆ ಅದು ಬೇಕಿತ್ತು. ಬಿಳಿ ಕಪ್ಪು ಇರುವಲ್ಲಿ ಲಘು ಗುರು ಹಾಕಿ ನೋಡಿ, ಲೆಕ್ಕ ಅದೇ.

ಆದರೆ ದಾರಿ ಎಣಿಸುವುದು ಬೇರೆ, ಅದರಿಂದ ಸಂಭವವನ್ನು ಅಳೆಯುವುದು ಬೇರೆ. ಅಳೆಯುವ ಶಾಸ್ತ್ರ ನೆಲೆ ಕಂಡದ್ದು 1654ರಲ್ಲಿ, ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಮತ್ತು ಪಿಯರ್ ಡಿ ಫರ್ಮಾ ಬರೆದುಕೊಂಡ ಪತ್ರಗಳಲ್ಲಿ. ಅವರ ಮುಂದಿದ್ದ ಪ್ರಶ್ನೆ ಅರ್ಧಕ್ಕೆ ನಿಂತ ಆಟದ್ದು. ಇಬ್ಬರು ತಲಾ 32 ನಾಣ್ಯ ಹಾಕಿದ್ದಾರೆ. ಮೊದಲು ಮೂರು ಆಟ ಗೆದ್ದವನಿಗೆ 64 ನಾಣ್ಯ. ಒಬ್ಬ ಎರಡು ಗೆದ್ದಿದ್ದಾನೆ, ಇನ್ನೊಬ್ಬ ಒಂದು. ಅಷ್ಟರಲ್ಲಿ ಆಟ ನಿಂತಿತು. ಹಣ ಹಂಚುವುದು ಹೇಗೆ?

ಪಾಸ್ಕಲ್ ಹೀಗೆ ಯೋಚಿಸಿದ. ಮುಂದಿನ ಆಟವನ್ನು ಮೊದಲನೆಯವನು ಗೆದ್ದರೆ 64 ನಾಣ್ಯವೂ ಅವನಿಗೇ. ಸೋತರೆ ಇಬ್ಬರೂ ಸಮ, ತಲಾ 32. ಅಂದರೆ ಏನೇ ಆದರೂ 32 ಅವನದೇ. ಉಳಿದ 32ರಲ್ಲಿ ಅರ್ಧ ಸಂಭವ ಅವನದು, ಆದ್ದರಿಂದ 16. ಒಟ್ಟು 48 ಒಬ್ಬನಿಗೆ, 16 ಇನ್ನೊಬ್ಬನಿಗೆ. ಆಟದ ಮಧ್ಯದಲ್ಲಿ ಅವ್ವ ಊಟಕ್ಕೆ ಕರೆದಾಗ ಜಗಳವಾಡುವ ಅಣ್ಣ ತಂಗಿಯರು ಈ ಲೆಕ್ಕವನ್ನು ನೆನಪಿಡಿ.

ನಿಜವಾದ ಕವಡೆ ಏನು ಹೇಳುತ್ತದೆ?

ಇಷ್ಟು ಹೊತ್ತು ಎರಡು ಮಗ್ಗುಲೂ ಸಮ ಎಂದು ಒಪ್ಪಿಕೊಂಡಿದ್ದೆವು. ಕವಡೆಯ ವಿಷಯದಲ್ಲಿ ಹಾಗೆ ಒಪ್ಪಿಕೊಳ್ಳಲು ಬರುವುದಿಲ್ಲ. ಒಂದು ಬದಿ ಉಬ್ಬಿದೆ, ಇನ್ನೊಂದು ಬದಿ ಬಾಯಿ ಇದೆ. ಅಂಗಾತ ಬೀಳುವುದೂ ಬೋರಲು ಬೀಳುವುದೂ ಸಮವೆಂದು ಯಾರು ಹೇಳಿದರು? ಯಾರನ್ನೂ ಕೇಳಬೇಕಾಗಿಲ್ಲ, ಕವಡೆಯನ್ನೇ ಕೇಳಬಹುದು.

ನಾಲ್ಕು ಕವಡೆ ತೆಗೆದುಕೊಂಡು 160 ಸಲ ಎಸೆಯಿರಿ. ಮೊಮ್ಮಗ ಎಸೆಯಲಿ, ಅಜ್ಜ ಗೀಟು ಹಾಕಲಿ. ನಾಲ್ಕು ಗೀಟು ಹಾಕಿ ಐದನೆಯದನ್ನು ಅಡ್ಡ ಎಳೆದರೆ ಎಣಿಸುವುದು ಸುಲಭ. ಕವಡೆ ಸಮಸಮವಾಗಿದ್ದರೆ ಒಂದು ಸುಮಾರು 40 ಸಲ, ಎರಡು 60 ಸಲ, ಮೂರು 40 ಸಲ, ನಾಲ್ಕು 10 ಸಲ, ಎಂಟು 10 ಸಲ ಬೀಳಬೇಕು. ಸ್ವಲ್ಪ ಹೆಚ್ಚು ಕಡಿಮೆಯಾದರೆ ಅಚ್ಚರಿಯಿಲ್ಲ. ಆದರೆ ಎಂಟು 30 ಸಲ ಬಿದ್ದು ನಾಲ್ಕು ಎರಡೇ ಸಲ ಬಿದ್ದರೆ ನಿಮ್ಮ ಕವಡೆಗಳು ಬೋರಲು ಬೀಳುವ ಜಾತಿಯವು ಎಂದು ತಿಳಿಯಿರಿ. ಎಣಿಸಿ ಕಂಡುಕೊಳ್ಳುವ ಇದಕ್ಕೆ 'ಪ್ರಾಯೋಗಿಕ ಸಂಭವನೀಯತೆ' ಎಂದು ಹೆಸರು. ಹೆಚ್ಚು ಎಸೆದಷ್ಟೂ ಅದರ ಮಾತು ನಂಬಲು ಯೋಗ್ಯ.

ಹಿರಿಯರಿಗೆ ನಳ ದಮಯಂತಿಯರ ಕಥೆ ಗೊತ್ತು. ಜೂಜಿನಲ್ಲಿ ರಾಜ್ಯ ಕಳೆದುಕೊಂಡ ನಳ, ಬಾಹುಕನೆಂಬ ಹೆಸರಿನಲ್ಲಿ ಋತುಪರ್ಣ ರಾಜನ ಸಾರಥಿಯಾಗಿದ್ದ. ದಾರಿಯಲ್ಲಿ ಒಂದು ತಾರೆ ಮರ ಕಂಡಾಗ ಋತುಪರ್ಣ ಒಂದು ನೋಟಕ್ಕೇ ಅದರ ಎರಡು ಕೊಂಬೆಗಳಲ್ಲಿ 2,095 ಕಾಯಿಗಳಿವೆ ಎಂದುಬಿಟ್ಟ. ನಳ ರಥ ನಿಲ್ಲಿಸಿ ಎಣಿಸಿದ, ಲೆಕ್ಕ ಸರಿಯಾಯಿತು. ಆಗ ಋತುಪರ್ಣ ಹೇಳಿದ್ದು, ತನಗೆ ದಾಳದ ರಹಸ್ಯವೂ ಗೊತ್ತು, ಎಣಿಕೆಯ ವಿದ್ಯೆಯೂ ಗೊತ್ತು ಎಂದು. ಆ ಕಾಲದಲ್ಲಿ ದಾಳವಾಗಿ ಬಳಸುತ್ತಿದ್ದದ್ದೂ ತಾರೆಕಾಯಿಯೇ. ಜೂಜಿನ ರಹಸ್ಯವನ್ನೂ ಎಣಿಕೆಯನ್ನೂ ಒಟ್ಟಿಗೆ ಇಟ್ಟ ಆ ಕಥೆಗಾರ ಬಲ್ಲವನೇ ಸರಿ.

ಎಲ್ಲ ದಾರಿಗಳೂ ಸಮ ಎಂದು ಸುಮ್ಮನೆ ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಂಕಿನ ಕೌಂಟರಿನಿಂದ ಒಂದು ಉದಾಹರಣೆ. ಗಣಿತ ಹೀಗೆ ಹೇಳುತ್ತದೆ: 23 ಜನ ಸೇರಿದರೆ ಅವರಲ್ಲಿ ಯಾರಾದರೂ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವ ಸಂಭವ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. 40 ಜನರಾದರೆ ನೂರಕ್ಕೆ 89. ಕೇಳಿದವರೆಲ್ಲ ಮೊದಲು ನಂಬುವುದಿಲ್ಲ. ನಿಮ್ಮ ತರಗತಿಯಲ್ಲಿ ಪರೀಕ್ಷಿಸಿ ನೋಡಿ.

ಆದರೆ ನಾನು ಖಾತೆ ತೆರೆಯುವ ಅರ್ಜಿಗಳನ್ನು ನೋಡುತ್ತಿದ್ದ ಕಾಲದಲ್ಲಿ ಹತ್ತು ಅರ್ಜಿ ಸಾಕಿತ್ತು, ಇಬ್ಬರದು ಒಂದೇ ದಿನ ಇರುತ್ತಿತ್ತು. ಆ ದಿನ ಯಾವುದೆಂದು ಅಜ್ಜಂದಿರಿಗೆ ಗೊತ್ತು: ಜೂನ್ 1! ಹಿಂದೆ ಶಾಲೆಗೆ ಸೇರಿಸುವಾಗ "ಮೈಲಿಬ್ಯಾನಿ ಬಂದ ವರ್ಷ ಹುಟ್ಟ್ಯಾನ್ರಿ" ಎಂದಷ್ಟೇ ಮನೆಯವರು ಹೇಳುತ್ತಿದ್ದರು. ಮಾಸ್ತರರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. 365 ದಿನಗಳೂ ಸಮ ಎಂಬ ಲೆಕ್ಕ ಅಲ್ಲಿ ನಡೆಯದು. ಸೂತ್ರ ಹಾಕುವ ಮೊದಲು 'ಎಲ್ಲವೂ ನಿಜವಾಗಿ ಸಮವೇ?' ಎಂದು ಕೇಳಿಕೊಳ್ಳಬೇಕು.

ಕವಡೆಗೆ ನೆನಪಿಲ್ಲ

ಈಗ "ಆಗಿಂದ ಬಿದ್ದಿಲ್ಲ, ಈಗ ಬೀಳ್ತದ" ಎಂಬ ಮಾತಿಗೆ ಬರೋಣ. ನಾಲ್ಕು ಬೀಳುವುದು ಹದಿನಾರರಲ್ಲಿ ಒಂದು ಎಂದೆವು. ಹಾಗಾದರೆ ಹದಿನಾರು ಸಲ ಎಸೆದರೆ ಒಮ್ಮೆಯಾದರೂ ಬೀಳಲೇಬೇಕೇ? ಇಲ್ಲ. ಒಂದು ಎಸೆತದಲ್ಲಿ ನಾಲ್ಕು ಬೀಳದಿರುವ ಸಂಭವ 15/16. ಹದಿನಾರು ಎಸೆತಗಳಲ್ಲೂ ಬೀಳದಿರಲು 15/16ನ್ನು ಹದಿನಾರು ಸಲ ಗುಣಿಸಬೇಕು. ಉತ್ತರ ಸುಮಾರು 0.36. ಅಂದರೆ ಹದಿನಾರು ಎಸೆತಗಳ ನೂರು ಆಟವಾಡಿದರೆ ಸುಮಾರು ಮೂವತ್ತಾರು ಆಟಗಳಲ್ಲಿ ನಾಲ್ಕು ಒಮ್ಮೆಯೂ ಕಾಣುವುದಿಲ್ಲ.

ಸರಿ, ಹದಿನಾರು ಸಲ ಬೀಳಲಿಲ್ಲ. ಹದಿನೇಳನೆಯ ಸಲ? ಮತ್ತೆ ಅದೇ 1/16. ಕವಡೆಗೆ ಕಿವಿಯಿಲ್ಲ, ನೆನಪಿಲ್ಲ, ನಾಚಿಕೆಯೂ ಇಲ್ಲ. "ಪಾಪ, ಬಹಳ ಹೊತ್ತಾಯಿತು, ಈ ಹುಡುಗಿಗೊಂದು ನಾಲ್ಕು ಕೊಡೋಣ" ಎಂದು ಅದು ಯೋಚಿಸುವುದಿಲ್ಲ. ನಾಣ್ಯವೂ ಅಷ್ಟೇ. ಐದು ಸಲ ಬಿಡದೆ ರಾಜ ಬಿದ್ದರೂ ಆರನೆಯ ಸಲ ರಾಣಿ ಬೀಳುವ ಸಂಭವ ಅರ್ಧವೇ.

ಹಿರಿಯರೇ, ಇದೇ ಮಾತನ್ನು ನಾವು ಬೇರೆಡೆಯೂ ಕೇಳಿದ್ದೇವೆ. ಮೂರು ಹೆಣ್ಣುಮಕ್ಕಳಿರುವ ಮನೆಯಲ್ಲಿ "ಈ ಸಲ ಗಂಡೇ ಆಗ್ತದ, ಮೂರು ಹೆಣ್ಣಾಗ್ಯಾವಲ್ಲ" ಎಂದು ಬಸುರಿಯ ಮುಂದೆ ಹೇಳುವವರಿದ್ದಾರೆ. ನಾಲ್ಕನೆಯ ಮಗುವಿಗೆ ಅಕ್ಕಂದಿರ ಲೆಕ್ಕ ಗೊತ್ತಿರುವುದಿಲ್ಲ. ಆಗಲೂ ಸಂಭವ ಹೆಚ್ಚುಕಡಿಮೆ ಅರ್ಧವೇ. ಹೆಣ್ಣಾದಾಗ ತಾಯಿಯ ಮೇಲೆ ತಪ್ಪು ಹೊರಿಸುವುದು ಇನ್ನೂ ದೊಡ್ಡ ಅನ್ಯಾಯ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯಿಂದ ಬರುವ ವರ್ಣತಂತುವಿನ ಮೇಲೆ ನಿಂತಿದೆ ಎಂದು ವಿಜ್ಞಾನದ ಪುಸ್ತಕದಲ್ಲೇ ಇದೆ. ಮೊಮ್ಮಕ್ಕಳಿಂದ ಓದಿಸಿ ಕೇಳಿ.

ಹುಂಜದ ಕಾಳಗ ಮತ್ತು ಜಾಣ ಮಂತ್ರವಾದಿ

ಮತ್ತೆ ಗಣಿತಸಾರಸಂಗ್ರಹಕ್ಕೆ ಹೋಗೋಣ. ಅದರಲ್ಲಿ ಒಂದು ಸೊಗಸಾದ ಸಮಸ್ಯೆ ಇದೆ. ಹುಂಜಗಳ ಕಾಳಗ ನಡೆದಿದೆ. ಮಂತ್ರ ಔಷಧಿ ಬಲ್ಲ ಒಬ್ಬ ಅಲ್ಲಿಗೆ ಬರುತ್ತಾನೆ. ಒಂದು ಹುಂಜದ ಒಡೆಯನನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳುತ್ತಾನೆ, 'ನಿನ್ನ ಹುಂಜ ಗೆದ್ದರೆ ಪಣದ ಹಣ ನನಗೆ ಕೊಡು. ಸೋತರೆ ಆ ಹಣದ ಮೂರನೇ ಎರಡು ಪಾಲನ್ನು ನಾನು ನಿನಗೆ ಕೊಡುತ್ತೇನೆ' ಎಂದು. ಇನ್ನೊಬ್ಬನಿಗೂ ಹಾಗೆಯೇ ಗುಟ್ಟಾಗಿ ಹೇಳುತ್ತಾನೆ. ಆದರೆ ಅವನಿಗೆ ಕೊಡುವ ಮಾತು ನಾಲ್ಕನೇ ಮೂರು ಪಾಲಿನದು. ಯಾವ ಹುಂಜ ಗೆದ್ದರೂ ಮಂತ್ರವಾದಿಗೆ 12 ಹೊನ್ನು ಲಾಭ. ಹಾಗಾದರೆ ಇಬ್ಬರ ಪಣ ಎಷ್ಟೆಷ್ಟು?

ಬೀಜಗಣಿತ ಕಲಿತವರು ಎರಡು ಸಮೀಕರಣ ಬರೆದು ಬಿಡಿಸಬಹುದು. ಉತ್ತರ: ಮೊದಲನೆಯವನದು 42, ಎರಡನೆಯವನದು 40. ತಾಳೆ ನೋಡೋಣ. ಮೊದಲನೆಯವನ ಹುಂಜ ಗೆದ್ದರೆ ಮಂತ್ರವಾದಿಗೆ 42 ಬರುತ್ತದೆ. ಎರಡನೆಯವನಿಗೆ 40ರ ಮುಕ್ಕಾಲು, ಅಂದರೆ 30 ಕೊಡಬೇಕು. ಉಳಿದದ್ದು 12. ಎರಡನೆಯವನ ಹುಂಜ ಗೆದ್ದರೆ 40 ಬರುತ್ತದೆ. ಮೊದಲನೆಯವನಿಗೆ 42ರ ಮೂರನೇ ಎರಡು ಪಾಲು, ಅಂದರೆ 28 ಕೊಡಬೇಕು. ಉಳಿದದ್ದು ಮತ್ತೆ 12.

ಈ ಲೆಕ್ಕದಲ್ಲಿ ಯಾವ ಹುಂಜ ಬಲಶಾಲಿ ಎಂಬ ಮಾತೇ ಇಲ್ಲ ನೋಡಿ. ಮಂತ್ರವಾದಿಗೆ ಅದು ಬೇಕಾಗಿಯೇ ಇಲ್ಲ. ಹುಂಜಗಳು ಕಾದಾಡುತ್ತವೆ, ಒಡೆಯರು ಎದೆ ಬಡಿದುಕೊಳ್ಳುತ್ತಾರೆ, ಮೊದಲೇ ಲೆಕ್ಕ ಹಾಕಿದವನು ಮಾತ್ರ ನೆಮ್ಮದಿಯಿಂದ 12 ಹೊನ್ನು ಎಣಿಸಿಕೊಂಡು ಹೋಗುತ್ತಾನೆ. ಮಂತ್ರವೂ ಇಲ್ಲ, ಔಷಧವೂ ಇಲ್ಲ, ಬರೀ ಭಿನ್ನರಾಶಿ!

ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಮೇಲೂ ಆ ಮಂತ್ರವಾದಿ ನಮ್ಮ ಊರುಗಳಲ್ಲಿ ಓಡಾಡುತ್ತಿದ್ದಾನೆ. ಮಟ್ಕಾ ಎನ್ನಿ, ಓಸಿ ಎನ್ನಿ, ಹೆಸರು ಮಾತ್ರ ಬೇರೆ. ಸೊನ್ನೆ ಸೊನ್ನೆಯಿಂದ 99ರವರೆಗೆ 100 ಅಂಕಿಗಳು. ನಿಮ್ಮ ಅಂಕಿ ಬಂದರೆ ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಎಂದು ಆಸೆ ತೋರಿಸುತ್ತಾರೆ. ಎಂಬತ್ತು ಎಂದಾಗ ಕಣ್ಣು ಅರಳುತ್ತದೆ. ಆದರೆ ಎಣಿಸಿ ನೋಡಿ. ನೂರು ಅಂಕಿಗೂ ಒಂದೊಂದು ರೂಪಾಯಿ ಹಚ್ಚಿದರೆ ಗೆಲುವು ಖಚಿತ. ಕೊಟ್ಟದ್ದು ನೂರು, ಬಂದದ್ದು ಎಂಬತ್ತು. ಖಚಿತವಾಗಿ ಗೆದ್ದರೂ ಇಪ್ಪತ್ತು ರೂಪಾಯಿ ನಷ್ಟ! ಒಂದೇ ಅಂಕಿಗೆ ಹಚ್ಚುವವನ ಪ್ರತಿ ರೂಪಾಯಿಯ ನಿಜವಾದ ಬೆಲೆಯೂ ಎಂಬತ್ತು ಪೈಸೆಯೇ. ಗಣಿತದಲ್ಲಿ ಇದಕ್ಕೆ 'ನಿರೀಕ್ಷಿತ ಮೌಲ್ಯ' ಎನ್ನುತ್ತಾರೆ. ಉಳಿದ ಇಪ್ಪತ್ತು ಪೈಸೆ ಮಂತ್ರವಾದಿಯ ಹನ್ನೆರಡು ಹೊನ್ನಿನ ಜಾತಿಯದು. ಅದೂ ಆಟ ಮೋಸವಿಲ್ಲದೆ ನಡೆದರೆ ಮಾತ್ರ ಈ ಲೆಕ್ಕ.

ನಾನು ಕೌಂಟರಿನಲ್ಲಿದ್ದಾಗ ಒಬ್ಬ ಗಿರಾಕಿ ವಾರವಾರವೂ ಬಂದು ಸ್ವಲ್ಪ ಸ್ವಲ್ಪ ಹಣ ತೆಗೆಯುತ್ತಿದ್ದರು. ಅಂಗಿಯ ಕಿಸೆಯಲ್ಲಿ ಸಣ್ಣ ವಹಿ. ಅದರಲ್ಲಿ ದಿನದಿನದ ಅಂಕಿಗಳು. "ಮೂರು ತಿಂಗಳಾತ್ರಿ, ನಲವತ್ತೇಳು ಬಂದೇ ಇಲ್ಲ. ಈ ವಾರ ಬರ್ಲಿಕ್ಕೇಬೇಕು" ಎನ್ನುತ್ತಿದ್ದರು. ಕವಡೆಯ ಲೆಕ್ಕವನ್ನೇ ಇಲ್ಲಿ ಹಾಕಿ. ದಿನಕ್ಕೊಂದರಂತೆ 90 ದಿನ ಅಂಕಿ ಬಂದರೆ, ನೂರರಲ್ಲಿ ಸುಮಾರು 40 ಅಂಕಿಗಳು ಒಮ್ಮೆಯೂ ಬಂದಿರುವುದಿಲ್ಲ. ಅವರ ನಲವತ್ತೇಳು ಆ ನಲವತ್ತರ ಗುಂಪಿನಲ್ಲಿ ಒಂದು, ಅಷ್ಟೇ. ನಾಳೆ ಬರುವ ಸಂಭವ ಅದಕ್ಕೂ ನೂರರಲ್ಲಿ ಒಂದೇ. ಒಂದು ಕಾಗದದ ಮೇಲೆ ಬರೆದು ತೋರಿಸಿದೆ. ಅವರು ನಕ್ಕರು, ಕಾಗದವನ್ನು ವಹಿಯಲ್ಲಿ ಮಡಚಿಟ್ಟುಕೊಂಡರು. ಕೆಲವು ತಿಂಗಳ ಮೇಲೆ ಖಾತೆ ಬರಿದಾಯಿತು. ಆಮೇಲೆ ಅವರ ಮನೆಯವರು ಬಂದು ತಮ್ಮ ಹೆಸರಿನಲ್ಲಿ ಬೇರೆ ಖಾತೆ ತೆರೆದರು. "ಇದರ ಪುಸ್ತಕ ಅವರ ಕೈಗೆ ಕೊಡಬ್ಯಾಡ್ರಿ" ಎಂದಷ್ಟೇ ಹೇಳಿ ಹೋದರು.

ಇಂಥ ಆಟಕ್ಕೆ ಜನ ಮರುಳಾಗಲು ಒಂದು ಕಾರಣವಿದೆ. ಗೆದ್ದ ಒಬ್ಬನ ಸುದ್ದಿ ಸಂತೆಯಲ್ಲೆಲ್ಲ ಹರಡುತ್ತದೆ. ಸೋತ ತೊಂಬತ್ತೊಂಬತ್ತು ಜನ ಮನೆಯಲ್ಲೂ ಬಾಯಿ ಬಿಡುವುದಿಲ್ಲ. ಕಿವಿಗೆ ಬಿದ್ದದ್ದನ್ನಷ್ಟೇ ಎಣಿಸಿದರೆ ಎಲ್ಲರೂ ಗೆಲ್ಲುತ್ತಿದ್ದಾರೆ ಎನಿಸುತ್ತದೆ. ಸಂಭವನೀಯತೆಯ ಕೆಳಗಿನ ಅಂಕಿಯಲ್ಲಿ, ಅಂದರೆ ಛೇದದಲ್ಲಿ, ಮೌನವಾಗಿರುವವರನ್ನೂ ಸೇರಿಸಬೇಕು. ಮಟ್ಕಾ ಆಡುವುದೂ ಆಡಿಸುವುದೂ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ಅಪರಾಧ. ಲಾಟರಿ ಮಾರಾಟವನ್ನು ನಮ್ಮ ರಾಜ್ಯ 2007ರಲ್ಲಿ ನಿಲ್ಲಿಸಿತು. ಈಗ ಮೊಬೈಲ್ ತೆರೆದರೆ ಸಾಕು, ಹೊಸ ಹೊಸ ವೇಷದ ಮಂತ್ರವಾದಿಗಳು ಬರುತ್ತಾರೆ. ಯಾರೇ ಬರಲಿ, ಒಂದೇ ಪ್ರಶ್ನೆ ಕೇಳಿ: 'ಎಲ್ಲ ಅಂಕಿಗೂ ಹಣ ಹಚ್ಚಿದರೆ ನನಗೆ ಎಷ್ಟು ಉಳಿಯುತ್ತದೆ?'

ದಿನಕ್ಕೆ ಹತ್ತು ರೂಪಾಯಿಯಂತೆ 300 ದಿನ ಆ ಆಟಕ್ಕೆ ಹಾಕಿದರೆ 3,000 ರೂಪಾಯಿ ಹೋಗುತ್ತದೆ, ಸರಾಸರಿ 2,400 ಬರುತ್ತದೆ. ಅದೇ ಹತ್ತು ರೂಪಾಯಿ ಪಿಗ್ಮಿಗೆ ಹಾಕಿದರೆ 3,000ವೂ ಉಳಿಯುತ್ತದೆ. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕಟ್ಟಿಸಿಕೊಳ್ಳುವ ಪಿಗ್ಮಿ ಯೋಜನೆ ಹುಟ್ಟಿದ್ದೇ ನಮ್ಮ ಕರ್ನಾಟಕದ ಉಡುಪಿಯಲ್ಲಿ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ ಅದನ್ನು ಆರಂಭಿಸಿತು.

ಇದೇ ಲೆಕ್ಕ, ಒಳ್ಳೆಯ ಕೆಲಸಕ್ಕೆ

ಸಂಭವನೀಯತೆ ಬರೀ ಜೂಜಿನ ವಿದ್ಯೆಯಲ್ಲ. ಹವಾಮಾನದವರು "ನಾಳೆ ಮಳೆ ಸಂಭವ ನೂರಕ್ಕೆ ಎಪ್ಪತ್ತು" ಎಂದರೆ, ಇಂಥ ಹತ್ತು ದಿನಗಳಲ್ಲಿ ಸುಮಾರು ಏಳು ದಿನ ಮಳೆ ಬರುತ್ತದೆ ಎಂದರ್ಥ. ಮಳೆ ಬಾರದೆ ಹೋದ ಒಂದು ದಿನಕ್ಕೆ ಅವರನ್ನು ಸುಳ್ಳರು ಎನ್ನಬಾರದು. ಉಳಿದ ಮೂರು ದಿನಗಳ ಮಾತನ್ನೂ ಅವರು ಹೇಳಿಯೇ ಇರುತ್ತಾರೆ.

ಬೆಳೆ ವಿಮೆಯೂ ಇದೇ ಲೆಕ್ಕ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯ ಮತ್ತು ಎಣ್ಣೆಕಾಳುಗಳಿಗೆ ರೈತನ ಪಾಲಿನ ಕಂತು ವಿಮಾ ಮೊತ್ತದ ನೂರಕ್ಕೆ ಎರಡು, ಹಿಂಗಾರಿಗೆ ಒಂದೂವರೆ. ಉಳಿದ ಕಂತಿನ ಭಾರ ಸರ್ಕಾರಗಳದು. "ಮಟ್ಕಾದಾಗೂ ರೊಕ್ಕ ಕಟ್ತಾರ, ವಿಮಾಕ್ಕೂ ರೊಕ್ಕ ಕಟ್ತಾರ, ಎರಡೂ ಒಂದೇ ಅಲ್ಲೇನು ಅಜ್ಜಾ?" ಎಂದು ಮೊಮ್ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಮಳೆ ಕೈಕೊಡುವ ಭಯ ಹೊಲ ಬಿತ್ತಿದವನಿಗೆ ಇದ್ದೇ ಇದೆ. ವಿಮೆ ಆ ಭಯವನ್ನು ಬಹಳ ಜನರ ನಡುವೆ ಹಂಚಿ ಹಗುರ ಮಾಡುತ್ತದೆ. ಮಟ್ಕಾ ಆಡುವವನು ಇಲ್ಲದ ಭಯವೊಂದನ್ನು ದುಡ್ಡು ಕೊಟ್ಟು ಮನೆಗೆ ತರುತ್ತಾನೆ.

ಮನೆಯಲ್ಲಿ ಬಿಡಿಸಿ ನೋಡಿ

1. ಮೂರು ನಾಣ್ಯಗಳನ್ನು ಒಟ್ಟಿಗೆ ಚಿಮ್ಮಿದರೆ ಸರಿಯಾಗಿ ಎರಡು ರಾಜ ಬೀಳುವ ಸಂಭವನೀಯತೆ ಎಷ್ಟು?

2. ಅಧಿಕ ವರ್ಷದಲ್ಲಿ 53 ಭಾನುವಾರಗಳು ಬರುವ ಸಂಭವನೀಯತೆ ಎಷ್ಟು? (ಸುಳಿವು: 52 ವಾರ ಕಳೆದ ಮೇಲೆ ಎರಡು ದಿನ ಉಳಿಯುತ್ತವೆ.)

3. ಹುಣಸೆ ಬೀಜದ ಚೌಕಾಬಾರದಲ್ಲಿ ಎದುರಾಳಿಯ ಒಂದು ಕಾಯಿ ನಿಮ್ಮ ಕಾಯಿಗಿಂತ ಎರಡು ಮನೆ ಹಿಂದಿದೆ, ಇನ್ನೊಂದು ಮೂರು ಮನೆ ಹಿಂದಿದೆ. ಅವನ ಒಂದೇ ಎಸೆತದಲ್ಲಿ ನಿಮ್ಮ ಕಾಯಿಗೆ ಹೊಡೆತ ಬೀಳುವ ಸಂಭವನೀಯತೆ ಎಷ್ಟು?

4. ಐದು ಬೀಜಗಳಿಂದ ಆಡಿದರೆ ಒಟ್ಟು ಎಷ್ಟು ದಾರಿಗಳು? ಅವುಗಳಲ್ಲಿ ಮೂರು ಬಿಳಿ ಬೀಳುವ ದಾರಿಗಳು ಎಷ್ಟು? ಮಹಾವೀರಾಚಾರ್ಯರ ಸೂತ್ರ ಬಳಸಿ.

ಉತ್ತರಗಳು: (1) 3/8. (2) 2/7. (3) 10/16, ಅಂದರೆ 5/8. ಬೇಗ ಅಲ್ಲಿಂದ ಎದ್ದು ಓಡಿ! (4) ಒಟ್ಟು 32; ಮೂರು ಬಿಳಿಗೆ (5 × 4 × 3) ÷ (1 × 2 × 3) = 10.